ಉಪ್ಪಿನ ಬಟ್ಟಲಿನ ಭಾರ

ನನ್ನ ಬಗ್ಗೆ ನಮ್ಮೂರು ಕೆದಂಬಾಡಿಯಲ್ಲಿ ಒಂದು ಕತೆ ಚಾಲ್ತಿಯಲ್ಲಿದೆ. ಅದರ ಪ್ರಕಾರ ನಾನು ಬಹಳ ಧೈರ್ಯವಂತ. ನಗುನಗುತ್ತಾ ಆಪರೇಶನ್ನಿಗೆ ಹೋದವನು, ನಗುನಗುತ್ತಾ ವಾಪಸು ಬಂದವನು. ಊರಿಗೆ ಊರೇ ಬೆನ್ನಿಗೆ ನಿಂತದ್ದರಿಂದ ಬದುಕಿಕೊಂಡವನು. ಬಸ್ಸಿನಲ್ಲಿ, ಮದುವೆ, ಪೂಜೆಯ ಮನೆಗಳಲ್ಲಿ, ಪುತ್ತೂರಿನಲ್ಲಿ ಚಾ ಕುಡಿಯುವಲ್ಲಿ ಈ ಕತೆಯನ್ನು ನಾನೇ ಕೇಳಿದ್ದೇನೆ. ಒಮ್ಮೆಯಂತೂ ಹಿಂದಿನ ಸೀಟಿನಲ್ಲಿ ನಾನು ಕೂತಿರುವುದು ಗೊತ್ತಿಲ್ಲದೆ ಇಬ್ಬರು ಕಬಕದಿಂದ ಪುತ್ತೂರು ಮುಟ್ಟುವವರೆಗೂ ನನ್ನನ್ನು ಹೊಗಳಿದರು.

ಕತೆ ಚೆನ್ನಾಗಿದೆ. ಸಾಕ್ಷ್ಯ ಮಾತ್ರ ಇಲ್ಲ. ನಗುವಿನ ಬಗ್ಗೆ ಹೇಳುವುದಾದರೆ, ಆಪರೇಶನ್ ಕೋಣೆಯ ಬಾಗಿಲಲ್ಲಿ ನಾನು ಸ್ಟ್ರೆಚರಿನ ಕಂಬಿಯನ್ನು ಹಿಡಿದುಕೊಂಡಿದ್ದೆ, ಬೆರಳು ಬಿಡಿಸಲಿಕ್ಕೆ ಇಬ್ಬರು ಬೇಕಾಯಿತು. ಧೈರ್ಯದ ಬಗ್ಗೆ ಹೇಳುವುದಾದರೆ, ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸಿ ಮಲಗಿಸಿದವನ ಧೈರ್ಯವನ್ನು ಅಳೆಯುವುದು ಹೇಗೆ? ಕೊಯ್ದವರು ಡಾಕ್ಟರು, ಹೊಲಿದವರು ಡಾಕ್ಟರು. ನಾನು ಅಲ್ಲಿದ್ದೆ, ಅಷ್ಟೆ. ಇನ್ನು ಊರು ಬೆನ್ನಿಗೆ ನಿಂತ ವಿಷಯ. ಅದನ್ನು ಒಂದು ವಾಕ್ಯದಲ್ಲಿ ಅಲ್ಲಗಳೆಯಲಿಕ್ಕೆ ಆಗುವುದಿಲ್ಲ. ಅದಕ್ಕೇ ಈ ಬರಹ.

ನನಗೆ ಇಪ್ಪತ್ತಾರು ವರ್ಷ. ಪುತ್ತೂರಿನಲ್ಲಿ ಒಬ್ಬರು ವಕೀಲರ ಆಫೀಸಿನಲ್ಲಿ ಜೂನಿಯರ್. ಎಂಟನೇ ಕ್ಲಾಸಿನಿಂದ ಕಾನೂನು ಓದಿ ಮುಗಿಸುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ, ಯಾರು ಏನು ಹೇಳಿದರೂ ಮೊದಲು ಅದರಲ್ಲಿ ತೂತು ಹುಡುಕುವ ಅಭ್ಯಾಸವಾಗಿದೆ. ಈ ಅಭ್ಯಾಸದಿಂದ ನನಗೆ ಗೆಳೆಯರು ಕಡಿಮೆ, ಗೆದ್ದ ಕಪ್ಪುಗಳು ಹೆಚ್ಚು. ಕಪ್ಪುಗಳಲ್ಲಿ ಅಮ್ಮ ಬಟನ್ನು, ಸೇಫ್ಟಿಪಿನ್ನು ಹಾಕಿ ಇಡುತ್ತಾಳೆ.

ರೋಗ ಮೊದಲು ಸಾರ್ವಜನಿಕವಾದದ್ದೂ ಒಂದು ಚರ್ಚಾಸ್ಪರ್ಧೆಯಲ್ಲೇ. ಕಾನೂನಿನ ಕೊನೆಯ ವರ್ಷ, ಸುಳ್ಯದ ಒಂದು ಸಭಾಂಗಣ. ವಿಷಯ ಏನಿತ್ತೆಂದು ಮರೆತಿದೆ. ಮರೆಯದಿರುವುದು ವೇದಿಕೆಗೂ ಶೌಚಾಲಯಕ್ಕೂ ಇದ್ದ ದೂರ: ನಾಲ್ಕು ಮೆಟ್ಟಿಲು, ಒಂದು ಉದ್ದ ಜಗಲಿ, ಒಂದು ತಿರುವು. ಎದುರಾಳಿ ನನಗೊಂದು ಪ್ರಶ್ನೆ ಎಸೆದಳು. ಉತ್ತರ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಹೊಟ್ಟೆ ತಿರುಚಿತು, ನಾನು ಮೈಕು ಬಿಟ್ಟು ಓಡಿದೆ. ಒಳಗೆ ಕೂತು ರಕ್ತ ನೋಡುತ್ತಿರುವಾಗ ಹೊರಗೆ ತೀರ್ಪುಗಾರರು ಮೈಕಿನಲ್ಲಿ ಹೇಳುವುದು ಕೇಳಿಸಿತು: "ಉತ್ತರ ಇಲ್ಲದಾಗ ವೇದಿಕೆ ಬಿಡುವುದು ಕೂಡ ಒಂದು ಉತ್ತರ ಅಂತ ನಾವು ಭಾವಿಸಿದ್ದೇವೆ." ಜನ ನಕ್ಕರು. ನನ್ನ ಜೀವನದಲ್ಲಿ ನಾನು ಪ್ರತಿವಾದ ಮಾಡದೆ ಬಿಟ್ಟ ಮೊದಲ ಮಾತು ಅದು.

ಮನೆಯಲ್ಲಿ ಮೂಲವ್ಯಾಧಿ ಎಂದು ತೀರ್ಮಾನವಾಯಿತು. ಕಡಬದ ಆಚೆ ಒಬ್ಬರು ಅದಕ್ಕೆ ಮದ್ದು ಕೊಡುತ್ತಾರೆಂದು ಅಪ್ಪನಿಗೆ ಯಾರೋ ಹೇಳಿದರು. ಅಪ್ಪನದು ಕಬಕದಲ್ಲಿ ಪಂಪುಸೆಟ್ಟು ರಿಪೇರಿಯ ಅಂಗಡಿ. ಅಂಗಡಿ ಮುಚ್ಚಿ ಎರಡು ಸಲ ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋದರು. ಒಂದು ಪುಡಿ, ಮಜ್ಜಿಗೆಯಲ್ಲಿ ಕಲಸಿ ಕುಡಿಯಲಿಕ್ಕೆ. "ಇದರಿಂದ ಗುಣ ಆಗ್ತದೆ ಅನ್ನುವುದಕ್ಕೆ ಆಧಾರ ಎಂತ?" ಎಂದು ನಾನು ಕೇಳಿದೆ. ಮದ್ದು ಕೊಡುವವರು ಅಪ್ಪನನ್ನು ನೋಡಿದರು. ಅಪ್ಪ ನನ್ನ ಪರವಾಗಿ ಕ್ಷಮೆ ಕೇಳಿದರು. ನಾನು ಪುಡಿ ಕುಡಿದೆ. ಆಧಾರ ಇಲ್ಲದ್ದನ್ನೂ ಕುಡಿಯುವಷ್ಟು ಹೆದರಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆಮೇಲಿನ ಒಂದು ವರ್ಷ ಮಂಗಳೂರಿನ ಒಂದು ಆಸ್ಪತ್ರೆಯ ಸ್ಟೀಲಿನ ಕುರ್ಚಿಗಳಲ್ಲಿ ಕಳೆಯಿತು. ದೊಡ್ಡ ಕರುಳಿನ ಒಳಗೋಡೆ ಹುಣ್ಣಾಗಿತ್ತು. ಮಾತ್ರೆ, ಆಮೇಲೆ ಇಂಜೆಕ್ಷನ್ನು, ಆಮೇಲೆ ಮುಖ ಊದಿಸುವ ಮಾತ್ರೆ. ಹದಿನಾಲ್ಕು ಕೆ.ಜಿ. ಇಳಿದಿದ್ದೆ, ಆದರೆ ಮುಖ ದುಂಡಗಾಗಿತ್ತು. ಊರಿನಲ್ಲಿ ಕಂಡವರೆಲ್ಲ, "ಓ, ಈಗ ತುಂಬಿಕೊಂಡಿದ್ದಿ, ಗುಣ ಆಯ್ತಲ್ಲ!" ಎನ್ನುತ್ತಿದ್ದರು. ಇಲ್ಲ ಎನ್ನಲಿಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವರು ಮುಂದೆ ಹೋಗಿರುತ್ತಿದ್ದರು.

ಕಾಯುವ ಕೋಣೆಯಲ್ಲಿ ನಾವು ಮೂವರೂ ಮೂರು ರೀತಿ ಕಾಯುತ್ತಿದ್ದೆವು. ಅಪ್ಪ ಗೋಡೆಯ ಮೇಲಿದ್ದ ಬೋರ್ಡುಗಳನ್ನೆಲ್ಲ ಓದುತ್ತಿದ್ದರು, ಗರ್ಭಿಣಿಯರಿಗೆ ಸೂಚನೆ ಎಂಬುದನ್ನೂ ಬಿಡದೆ. ಅಮ್ಮ ಬುತ್ತಿಯ ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಬಿಸಿ ಆರಿತೋ ಎಂದು ಆಗಾಗ ಮುಟ್ಟಿ ನೋಡುತ್ತಿದ್ದಳು. ನಾನು ಶೌಚಾಲಯದ ಬಾಗಿಲು ಕಾಣುವ ಕುರ್ಚಿಯನ್ನೇ ಆರಿಸಿಕೊಂಡು ಕೂತಿರುತ್ತಿದ್ದೆ. ಇಷ್ಟು ಹತ್ತಿರ ಕೂತ ಮೂವರು ಇಷ್ಟು ಕಡಿಮೆ ಮಾತಾಡಬಹುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಒಂದು ದಿನ ಜ್ವರ ಏರಿತು, ಹೊಟ್ಟೆ ಹಲಗೆಯಂತಾಯಿತು. ಕರುಳು ಒಡೆಯುವ ಮೊದಲು ತೆಗೆಯಬೇಕು ಎಂದರು. ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು: ದೊಡ್ಡ ಕರುಳು ಇರುವುದಿಲ್ಲ, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಬಲಬದಿಯಲ್ಲಿ ಹೊರಗೆ ತಂದು ಹೊಲಿಯುವುದು, ಅದರ ಮೇಲೆ ಒಂದು ಚೀಲ. ಮಲ ಆ ಚೀಲಕ್ಕೆ ಬರುತ್ತದೆ. ಎಷ್ಟು ದಿನ ಎಂದು ಅಪ್ಪ ಕೇಳಿದರು. ಯಾವಾಗಲೂ ಎಂದರು ಡಾಕ್ಟರು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲರೊಟ್ಟಿಗೆ ಕೂತು ಊಟ ಮಾಡ್ಬಹುದಾ ಡಾಕ್ಟ್ರೇ?"

"ಧಾರಾಳ ಮಾಡಬಹುದಮ್ಮ."

ಎಲ್ಲರೊಟ್ಟಿಗೆ. ಆ ಶಬ್ದವನ್ನು ನಾನು ಆಗ ಗಮನಿಸಲಿಲ್ಲ.

ಆಪರೇಶನ್ ಆಗಿ ನಾಲ್ಕನೇ ದಿನ ಚೀಲ ಬದಲಿಸುವುದನ್ನು ಕಲಿಸಲಿಕ್ಕೆ ಒಬ್ಬರು ನರ್ಸ್ ಬಂದರು. ಕಾಸರಗೋಡು ಕಡೆಯವರು, ಮಗನೇ ಎನ್ನುವಲ್ಲಿ ಮಲಯಾಳದ ಮೋನೇ ಎನ್ನುವವರು. ನಾನು ಮುಖವನ್ನು ಗೋಡೆಗೆ ತಿರುಗಿಸಿದ್ದೆ.

"ನೋಡು ಮೋನೇ, ಇದು ನಿಂದೇ. ನೆಂಟರದ್ದಲ್ಲ. ನೀನೇ ನೋಡದಿದ್ದರೆ ಯಾರು ನೋಡುದು?"

ನೋಡಿದೆ. ಕೆಂಪಗೆ, ಒದ್ದೆಯಾಗಿ, ಬಾಯಿಯೊಳಗಿನ ಚರ್ಮದಂತೆ ಒಂದು ಮೊಗ್ಗು. ಮುಟ್ಟಿದರೆ ನೋವಿಲ್ಲ. ನೋವಿಲ್ಲದಿರುವುದೇ ನನಗೆ ಅತ್ಯಂತ ಭಯ ಹುಟ್ಟಿಸಿತು. ನನ್ನದೇ ಒಂದು ಭಾಗ ನನಗೆ ತಿಳಿಸದೆ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಸಭೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ಬೇಕಾದರೂ ಅದು ಸದ್ದು ಮಾಡಿ ಮಾತಾಡುತ್ತದೆ. ಅದನ್ನು ಸುಮ್ಮನಿರಿಸುವ ಸ್ನಾಯು ಅದಕ್ಕಿಲ್ಲ. ವಾದದಲ್ಲಿ ನನ್ನನ್ನು ಸುಮ್ಮನಿರಿಸಲು ಆಗದವರಿಗೆಲ್ಲ ಇದರಿಂದ ಸಂತೋಷವಾಗಬೇಕು.

ಮನೆಗೆ ಬಂದ ಮೊದಲ ಎರಡು ವಾರ ಆ ಚೀಲವನ್ನು ಖಾಲಿ ಮಾಡಿದವಳು ಅಮ್ಮ. ಒಂದು ಸಲವೂ ಮುಖ ತಿರುಗಿಸಲಿಲ್ಲ, ಮೂಗಿಗೆ ಸೆರಗು ಹಿಡಿಯಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನಾನು ಅವಳ ಬಗ್ಗೆ ಒಂದು ಮಾತು ಹೇಳಲಿಕ್ಕಿದ್ದೇನೆ, ಆಗ ಇದೂ ತಕ್ಕಡಿಯಲ್ಲಿರಬೇಕು.

ಚೀಲ ಸೋರುತ್ತಿತ್ತು. ಅಂಟಿಸಿ ಅರ್ಧ ದಿನಕ್ಕೆ ಅಂಚು ಬಿಡುತ್ತಿತ್ತು, ಸುತ್ತ ಚರ್ಮ ಸುಟ್ಟಂತಾಗಿತ್ತು. ಆಸ್ಪತ್ರೆಯಲ್ಲಿ ಇಡೀ ವರ್ಷ ಬೋರ್ಡು ಓದಿದ್ದ ಅಪ್ಪ ಆಗ ಮೊದಲ ಸಲ ಕೈ ಹಾಕಿದರು. "ಎಲ್ಲಿ, ಆ ವಾಶರ್ ತೋರ್ಸು." ಅವರು ಹೇಳಿದ್ದು ಚೀಲವನ್ನು ಹೊಟ್ಟೆಗೆ ಅಂಟಿಸುವ ಬಿಲ್ಲೆಯನ್ನು. ಅದರ ನಡುವೆ ನಾವೇ ತೂತು ಕತ್ತರಿಸಬೇಕು. ಅಪ್ಪ ಅಂಗಡಿಯಿಂದ ಅಳತೆಯ ಸಾಧನ ತಂದರು, ಮೊಗ್ಗನ್ನು ಉದ್ದಕ್ಕೆ ಅಡ್ಡಕ್ಕೆ ಅಳೆದರು, ಕಾಗದದಲ್ಲಿ ಅಚ್ಚು ಮಾಡಿದರು.

"ನೀನು ಗುಂಡಗೆ ಕತ್ತರಿಸ್ತಾ ಇದ್ದಿ. ಇದು ಗುಂಡ ಅಲ್ಲ, ಮೊಟ್ಟೆ. ಲೀಕ್ ಆಗುದು ಪೈಪಿನಲ್ಲಿ ಅಲ್ಲ ಮಾರಾಯ, ಜಾಯಿಂಟಿನಲ್ಲಿ."

ಆವತ್ತಿನಿಂದ ನಾಲ್ಕು ದಿನ ಬಾಳಿಕೆ ಬರುತ್ತದೆ. ಅಪ್ಪ ಮಗ ಇಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿದ್ದು ನನ್ನ ಬಾಲ್ಯದ ನಂತರ ಅದೇ ಮೊದಲು. ಇಬ್ಬರೂ ಅಂಚು ಬಿಟ್ಟಿದೆಯೋ ಎಂದು ನೋಡಿದೆವು.

ಊಟದ ಪಟ್ಟಿಯಲ್ಲಿ ಹಲಸು ಬೇಡ, ಅನಾನಸು ಬೇಡ, ಅಣಬೆ ಬೇಡ, ತೆಂಗಿನಕಾಯಿ ಬೇಡ ಎಂದಿತ್ತು. ಅಮ್ಮ ಪಟ್ಟಿಯನ್ನು ಎರಡು ಸಲ ಓದಿ, "ಇದನ್ನು ಬರೆದವರ ಮನೆಯಲ್ಲಿ ಅಡಿಗೆ ಎಂತ ಮಾಡುದು?" ಎಂದು ಕೇಳಿದಳು. ಆಮೇಲೆ ತೆಂಗಿನಕಾಯಿ ಅರೆದು ಹಾಲು ಸೋಸಿ ಮಾಡಿದರೆ ತೊಂದರೆಯಿಲ್ಲವೆಂದು ಇಬ್ಬರೂ ಸೇರಿ ಕಂಡುಹಿಡಿದೆವು.

ಇಷ್ಟೂ ಹೋರಾಟದ ಭಾಗ. ಅದರಲ್ಲಿ ನಾನು ಒಂಟಿಯಾಗಿರಲಿಲ್ಲ. ಒಂಟಿತನ ಶುರುವಾದದ್ದು ಗುಣವಾದ ಮೇಲೆ.

ನಮ್ಮಲ್ಲಿ ಒಂದು ಕ್ರಮ ಉಂಟು. ಯಾರ ಮನೆಯಲ್ಲಿ ಅನುಪತ್ಯವಿದ್ದರೂ, ಅಂದರೆ ಮದುವೆ, ಉಪನಯನ, ಹೊಸ ಮನೆಯ ಒಕ್ಕಲು, ಪೂಜೆ ಏನಿದ್ದರೂ, ಬಡಿಸುವವರು ನೆರೆಕರೆಯವರೇ. ಕೂಲಿಗೆ ಜನ ಬರುವುದಿಲ್ಲ. ಮನೆಯವರು ಹೇಳಿಕೆಗೆ ಬಂದಾಗ, ಅಂದರೆ ಕರೆಯಲಿಕ್ಕೆ ಬಂದಾಗ, ಕಾಗದ ಕೈಗೆ ಕೊಟ್ಟರೆ ಮುಗಿಯುವುದಿಲ್ಲ. ಕೂತು, ಬೆಲ್ಲ ತಿಂದು ನೀರು ಕುಡಿದು, ಏಳುವಾಗ ಹೇಳಬೇಕು: "ಹಿಂದಿನ ದಿನವೇ ಬಂದು ಚೆಂದಗಾಣಿಸಿ ಕೊಡ್ಬೇಕು." ಮನೆಯ ಪ್ರಾಯದ ಹುಡುಗರಿಗೆ ಪ್ರತ್ಯೇಕವಾಗಿ: "ನೀನು ಬಡಿಸ್ಲಿಕ್ಕೆ ಬೇಕು, ಆಯ್ತಾ?" ಈ ಎರಡನೆಯ ಮಾತು ಬಂದರೆ ಮಾತ್ರ ನಿಮ್ಮನ್ನು ಕರೆದ ಹಾಗೆ. ಮೊದಲನೆಯದು ಮನೆಯವರಿಗೆಲ್ಲ ಹೇಳುವ ಮಾತು.

ಬಡಿಸುವುದರಲ್ಲಿ ಮೆಟ್ಟಿಲುಗಳಿವೆ. ಹತ್ತು ವರ್ಷದ ಮಕ್ಕಳಿಗೆ ಉಪ್ಪಿನ ಬಟ್ಟಲು. ಆಮೇಲೆ ಉಪ್ಪಿನಕಾಯಿ, ಪಲ್ಯ, ಅನ್ನ. ಮೀಸೆ ಬಂದ ಮೇಲೆ ಸಾಂಬಾರಿನ ಬಾಲ್ದಿ. ನಮ್ಮ ಕಡೆ ಇದನ್ನೆಲ್ಲ ನಡೆಸುವುದು ಸದಾಶಿವಣ್ಣ. ನಮ್ಮಿಂದ ಎರಡು ಮನೆ ಆಚೆಯವರು, ಐವತ್ತು ದಾಟಿದವರು, ತಲೆಗೆ ಬೈರಾಸು ಕಟ್ಟಿಕೊಂಡು ಅಡಿಗೆ ಚಪ್ಪರದ ಬಾಗಿಲಲ್ಲಿ ನಿಂತರೆ ಅವರು ಹೇಳಿದ್ದೇ ಕೊನೆಯ ಮಾತು. ನನಗೆ ಉಪ್ಪಿನ ಬಟ್ಟಲು ಕೊಟ್ಟವರು ಅವರು. "ಎಲೆಯ ಎಡದ ಕೊಡಿಯಲ್ಲಿ, ತುದಿಯಲ್ಲೇ ಹಾಕು. ಬಗ್ಗಿ ಹಾಕು. ಕೋಳಿಗೆ ಅಕ್ಕಿ ಎಸೆದ ಹಾಗೆ ಎಸೆಯುದಲ್ಲ." ಹತ್ತೊಂಬತ್ತಕ್ಕೆ ನನಗೆ ಬಾಲ್ದಿ ಸಿಕ್ಕಿತು. ನಾನು ಗೆದ್ದ ಯಾವ ಕಪ್ಪಿಗಿಂತಲೂ ಅದು ದೊಡ್ಡದು. ಹಂತಿಯ ನಡುವೆ, ಅಂದರೆ ಊಟಕ್ಕೆ ಕೂತವರ ಸಾಲುಗಳ ನಡುವೆ, ಬಾಲ್ದಿ ಹಿಡಿದು ಹೋಗುವಾಗ ನಾನು ಯಾರೊಂದಿಗೂ ವಾದಿಸುತ್ತಿರಲಿಲ್ಲ. "ಸಾಂಬಾರ್, ಸಾಂಬಾರ್" ಎನ್ನುತ್ತಿದ್ದೆ, ಜನ ಬೇಕು ಅಥವಾ ಬೇಡ ಎನ್ನುತ್ತಿದ್ದರು. ಲೋಕದೊಂದಿಗೆ ನನಗಿದ್ದ ಏಕೈಕ ನೇರ ಸಂಬಂಧ ಅದು ಎಂದರೂ ತಪ್ಪಿಲ್ಲ.

ಗುಣವಾದ ಮೇಲೆ ಬಂದ ಮೊದಲ ಹೇಳಿಕೆ ಒಂದು ಒಕ್ಕಲಿನದು. ಬಂದವರು ನನ್ನ ಭುಜ ತಟ್ಟಿ, "ನೀನು ಊಟದ ಹೊತ್ತಿಗೆ ಬಾ, ಸಾಕು. ನಿನಗೆ ಕುರ್ಚಿ ಇಡಿಸ್ತೇನೆ" ಎಂದರು. ಒಳ್ಳೆಯ ಮಾತು. ಹೋದೆ. ನೆಲದಲ್ಲಿ ಕೂರಲಾಗದವರಿಗೆ ಬದಿಯಲ್ಲಿ ಮೇಜು ಹಾಕಿರುತ್ತಾರೆ, ಗಂಟುನೋವಿನ ಹಿರಿಯರಿಗೆ. ಅಲ್ಲಿ ನನ್ನನ್ನು ಕೂರಿಸಿದರು. ನನ್ನ ಗಂಟುಗಳಿಗೆ ಏನೂ ಆಗಿರಲಿಲ್ಲ. ಎಡಕ್ಕೆ ಎಪ್ಪತ್ತೆಂಟು ವರ್ಷದ ಒಬ್ಬರು, ಬಲಕ್ಕೆ ಎಂಬತ್ತು ದಾಟಿದ ಒಬ್ಬರು. ಬಲಗಡೆಯವರು ಕಿವಿ ಕೇಳದ ಕಾರಣ ಗಟ್ಟಿಯಾಗಿ ಕೇಳಿದರು: "ನಿಂದು ಎಡದ ಮೊಣಕಾಲಾ, ಬಲದ್ದಾ?" ಎದುರಿನ ಹಂತಿಯಲ್ಲಿ ನನ್ನ ಓರಗೆಯವರು ಬಾಲ್ದಿ ಹಿಡಿದು ಓಡುತ್ತಿದ್ದರು. ನನ್ನ ಬಳಿ ಬಂದಾಗ ಎಲ್ಲರೂ ಸ್ವಲ್ಪ ನಿಧಾನವಾಗುತ್ತಿದ್ದರು, ಸ್ವಲ್ಪ ಹೆಚ್ಚು ಬಡಿಸುತ್ತಿದ್ದರು.

ಒಂದು ವರ್ಷದಲ್ಲಿ ಹಾಗೆ ಐದು ಅನುಪತ್ಯ. ಐದರಲ್ಲೂ ಮೇಜು. ಒಬ್ಬರೂ ಬಡಿಸಲಿಕ್ಕೆ ಕರೆಯಲಿಲ್ಲ. ಆರು ತಿಂಗಳ ಪರೀಕ್ಷೆಗೆ ಹೋದಾಗ ಡಾಕ್ಟರನ್ನು ಕೇಳಿದೆ. ಹೊಟ್ಟೆಗೆ ಬೆಲ್ಟು ಕಟ್ಟಿಕೊಂಡು ಅಭ್ಯಾಸ ಮಾಡಿಕೊಳ್ಳುತ್ತಾ ಹೋದರೆ ಬಾಲ್ದಿ ಎತ್ತಬಹುದು ಎಂದರು. ಮನೆಯಲ್ಲಿ ನೀರಿನ ಬಾಲ್ದಿ ಎತ್ತಿ ಅಭ್ಯಾಸ ಮಾಡಿದೆ. ಯಾರೂ ಕರೆಯದ ಕೆಲಸಕ್ಕೆ.

ಹೀಗಾಗಿ ನಾನು ಒಂದು ಮೊಕದ್ದಮೆ ಕಟ್ಟತೊಡಗಿದೆ, ಊರಿನ ಮೇಲೆ. ಇವರು ಕರೆಯದಿರುವುದು ನನ್ನ ಮೇಲಿನ ಕನಿಕರದಿಂದಲೋ, ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡವನು ಅನ್ನ ಮುಟ್ಟುವುದು ಬೇಡವೆಂದೋ? ಪರ, ವಿರೋಧ ಎರಡೂ ಕಡೆಯಿಂದ ವಾದಿಸಲಿಕ್ಕೆ ನನಗೆ ತರಬೇತಿಯಾಗಿದೆ. ಎರಡೂ ಕಡೆ ಸಮನಾಗಿ ಗೆಲ್ಲುತ್ತಿತ್ತು. ಆಫೀಸಿನಲ್ಲಿ ಕಡತ ನೋಡುವಾಗ, ಕಬಕದಲ್ಲಿ ಬಸ್ಸಿಗೆ ನಿಂತಾಗ, ಒಬ್ಬನೇ ಎರಡು ಪಕ್ಷವಾಗಿ ವಾದಿಸುತ್ತಿದ್ದೆ. ಜೊತೆಗೆ ಯಾರಾದರೂ ಇದ್ದಿದ್ದರೆ ಅವರಿಗೆ ಒಂದು ಪಕ್ಷವನ್ನಾದರೂ ಕೊಡಬಹುದಿತ್ತು.

ಇತ್ತೀಚೆಗೆ ಸದಾಶಿವಣ್ಣನ ಮಗಳ ನಿಶ್ಚಿತಾರ್ಥದ ಹೇಳಿಕೆ ಬಂತು. ಅವರೇ ಬಂದಿದ್ದರು. ಬೆಲ್ಲ ತಿಂದರು, ನೀರು ಕುಡಿದರು, ಅಪ್ಪನೊಂದಿಗೆ ಬೋರುವೆಲ್ಲಿನ ಪಂಪಿನ ಬಗ್ಗೆ ಮಾತಾಡಿದರು. ಏಳುವಾಗ ಅವರು ಅಪ್ಪ-ಅಮ್ಮ ಇಬ್ಬರಿಗೂ, "ಹಿಂದಿನ ದಿನವೇ ಬಂದು ಚೆಂದಗಾಣಿಸಿ ಕೊಡ್ಬೇಕು" ಎಂದರು. ನನಗೆ, "ನೀನು ಊಟದ ಹೊತ್ತಿಗೆ ಬಾ ಮಾರಾಯ."

ಈ ಸಲ ನಾನು ಹತ್ತು ಗಂಟೆಗೇ ಹೊರಟೆ. ಚೀಲ ಖಾಲಿ ಮಾಡಿ, ಬೆಲ್ಟು ಬಿಗಿದು, ಅದರ ಮೇಲೆ ಮುಂಡು ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು. ಇದನ್ನು ಧೈರ್ಯವೆಂದು ಕರೆಯುವುದಾದರೆ ಕರೆಯಿರಿ, ನನ್ನ ಆಕ್ಷೇಪವಿಲ್ಲ. ಆಪರೇಶನ್ ಕೋಣೆಗೆ ನನ್ನನ್ನು ಯಾರೋ ತಳ್ಳಿಕೊಂಡು ಹೋಗಿದ್ದರು. ಸದಾಶಿವಣ್ಣನ ಅಂಗಳಕ್ಕೆ ನಾನೇ ನಡೆದುಕೊಂಡು ಹೋಗಬೇಕಿತ್ತು. ಗೇಟಿನ ತನಕ ಹೋಗಿ ಎರಡು ಸಲ ವಾಪಸು ಬಂದಿದ್ದೆ. ಒಂದು ಸಲ ಚಪ್ಪಲಿಯ ಬಾರು ಸರಿಮಾಡುವ ನೆವದಲ್ಲಿ, ಇನ್ನೊಂದು ಸಲ ನೆವವೇ ಇಲ್ಲದೆ.

ಮೂರನೆಯ ಸಲ ಒಳಗೆ ಹೋಗುವಾಗ ಊಟದ ಹೊತ್ತಾಗಿ ಮೊದಲ ಹಂತಿಗೆ ಎಲೆ ಹಾಕಿ ಆಗಿತ್ತು. ಜನ ಕೂರುತ್ತಿದ್ದರು. ಸದಾಶಿವಣ್ಣ ಅಡಿಗೆ ಚಪ್ಪರದ ಬಾಗಿಲಲ್ಲಿ ನಿಂತು ಪಾತ್ರೆ ಹಂಚುತ್ತಿದ್ದರು.

"ನನಗೆ ಯಾವುದು ಸದಾಶಿವಣ್ಣ?"

"ಓ ನೀನಾ! ಬಾ ಬಾ. ಕೂತ್ಕೊ. ಅಲ್ಲಿ ಮೇಜು ಉಂಟು ನೋಡು."

"ಕೂರ್ಲಿಕ್ಕೆ ಬಂದದ್ದಲ್ಲ. ಬಡಿಸ್ತೇನೆ."

"ಬೇಡ ಮಾರಾಯ. ನಮಗೆ ಎಂತ ಜನ ಇಲ್ವಾ? ಭಾರ ಎಲ್ಲ ಎತ್ತುದು ಬೇಡ ನೀನು."

"ಡಾಕ್ಟ್ರು ಎತ್ತಬಹುದು ಅಂದಿದ್ದಾರೆ. ಬೆಲ್ಟ್ ಉಂಟು."

"ಡಾಕ್ಟ್ರಿಗೆ ಎಂತ, ಹೇಳ್ತಾರೆ. ನಾಳೆ ಎಂತಾದ್ರೂ ಆದ್ರೆ ನನ್ನ ತಲೆಗೆ."

"ಭಾರದ್ದೇ ವಿಷಯವಾ?"

"ಮತ್ತೆಂತ?"

"ಹಾಗಾದ್ರೆ ಉಪ್ಪು ಕೊಡಿ."

ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಮುಖ ಹೀಗಾಗುವುದನ್ನು ನೋಡಿದ್ದೇನೆ. ಆಗೆಲ್ಲ ಖುಷಿಯಾಗುತ್ತಿತ್ತು. ಉಪ್ಪಿನ ಬಟ್ಟಲು ಅವರ ಪಕ್ಕದ ಬೆಂಚಿನಲ್ಲೇ ಇತ್ತು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಸ್ಟೀಲಿನ ಬಟ್ಟಲು. ಅದರ ಭಾರ ಎಷ್ಟೆಂದು ನಮ್ಮಿಬ್ಬರಿಗೂ ಗೊತ್ತು. ಸದಾಶಿವಣ್ಣ ಬಟ್ಟಲನ್ನು ನೋಡಿದರು. ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿನಿಂದ ಹಿಂದಕ್ಕೆ ನೋಡಿದರು. ತಿರುಗಿದೆ. ಹಿಂದೆ ಜಗಲಿಯಲ್ಲಿ ಬಾಳೆಎಲೆ ಒರೆಸುವ ಬಟ್ಟೆ ಹಿಡಿದು ಅಮ್ಮ ನಿಂತಿದ್ದಳು. ಅವಳು ಬೇಗ ಕಣ್ಣು ಕೆಳಗೆ ಹಾಕಿದಳು.

ಅಷ್ಟರಲ್ಲಿ ಹಂತಿಯಿಂದ ಯಾರೋ ಕೂಗಿದರು: "ಓಯ್, ಈ ಕಡೆ ಉಪ್ಪೇ ಬರ್ಲಿಲ್ಲ! ಮಾತಾಡಿ ಮುಗಿದ್ರೆ ಸ್ವಲ್ಪ ನಮ್ಮನ್ನೂ ನೋಡಿ!"

ಬಟ್ಟಲು ಎತ್ತಿಕೊಂಡು ಹೋದೆ. ಯಾರೂ ಕೊಟ್ಟದ್ದಲ್ಲ, ತೆಗೆದುಕೊಂಡದ್ದು. ಈ ವ್ಯತ್ಯಾಸ ಮುಖ್ಯ.

ಅರುವತ್ತು ಎಲೆ. ಬಗ್ಗಿ, ಎಡದ ಕೊಡಿಗೆ, ಒಂದೊಂದು ಚಿಟಿಕೆ. ಪ್ರತಿ ಸಲ ಬಗ್ಗುವಾಗ ಚೀಲ ಮಡಚಿಕೊಳ್ಳುತ್ತಿತ್ತು, ಒಂದೆರಡು ಸಲ ಅದು ಸದ್ದನ್ನೂ ಮಾಡಿತು. ಮೈಕಿನಲ್ಲಿ ಹಾಡು ಇತ್ತು, ಕೇಳಿಸಿರಲಿಕ್ಕಿಲ್ಲ. ಅಥವಾ ಕೇಳಿಸಿರಬಹುದು. ಒಬ್ಬರು ಮಾತಾಡುತ್ತಲೇ ಇದ್ದರು, ಉಪ್ಪು ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಒಬ್ಬರು ನನ್ನ ಮುಖ ನೋಡಿ, ಹೊಟ್ಟೆ ನೋಡಿ, ಎಲೆಗೆ ಮತ್ತೊಮ್ಮೆ ನೀರು ಚಿಮುಕಿಸಿದರು. ಎಲೆಗೆ ನೀರು ಚಿಮುಕಿಸುವುದು ಎಲ್ಲರೂ ಮಾಡುವುದೇ. ಕೊನೆಯಲ್ಲಿ ಕೂತ ಒಬ್ಬರು ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ಇನ್ನೂ ಸ್ವಲ್ಪ ಹಾಕು ಮಗ. ಮನೆಯಲ್ಲಿ ಬಿ.ಪಿ., ಬಿ.ಪಿ. ಅಂತ ಸೊಸೆ ಉಪ್ಪೇ ಕೊಡುದಿಲ್ಲ. ಯಾರಿಗೂ ಹೇಳ್ಬೇಡ."

ಹಾಕಿದೆ. ಆ ಅಜ್ಜಿಗೆ ನನ್ನ ವಿಷಯ ಗೊತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಗೊತ್ತಿದ್ದೂ ಹಿಡಿದರು ಎಂದು ನಂಬಲಿಕ್ಕೆ ಇಷ್ಟ. ಆಧಾರ ಇಲ್ಲ.

ಊಟ ಮುಗಿದು ಜನ ಏಳುವಾಗ ನಾನೊಂದು ಮೂರ್ಖ ಕೆಲಸ ಮಾಡಿದೆ. ಎಲೆ ತೆಗೆಯುವವರ ಮುಂದೆ ಹೋಗಿ ಹಂತಿಯುದ್ದಕ್ಕೂ ನಡೆದು, ಯಾರ ಎಲೆಯಲ್ಲಿ ಉಪ್ಪು ಹಾಗೆಯೇ ಉಳಿದಿದೆ ಎಂದು ನೋಡಿದೆ. ಹಲವು ಎಲೆಗಳಲ್ಲಿ ಉಳಿದಿತ್ತು. ಎಣಿಸಲಿಕ್ಕೆ ಶುರುಮಾಡಿದೆ. ಆಮೇಲೆ ಹೊಳೆಯಿತು: ಹತ್ತು ವರ್ಷದವನಿದ್ದಾಗಿನಿಂದ ಬಡಿಸಿದ್ದೇನೆ, ಊಟವಾದ ಮೇಲೆ ಎಲೆಗಳಲ್ಲಿ ಎಷ್ಟು ಉಪ್ಪು ಉಳಿಯುತ್ತದೆ ಎಂದು ಒಂದು ಸಲವೂ ನೋಡಿಲ್ಲ. ಯಾವಾಗಲೂ ಇಷ್ಟೇ ಉಳಿಯುತ್ತದೋ ಏನೋ. ಹೋಲಿಸಲಿಕ್ಕೆ ನನ್ನಲ್ಲಿ ಏನೂ ಇಲ್ಲ. ಖಾಲಿ ಹಂತಿಯ ನಡುವೆ ಬಟ್ಟಲು ಹಿಡಿದು ನಿಂತಿದ್ದೆ.

ಕೈ ತೊಳೆಯುವ ನಳ್ಳಿಯ ಹತ್ತಿರ ಸದಾಶಿವಣ್ಣ ಸಿಕ್ಕಿದರು. ತಲೆಯ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡರು.

"ಕೋಪ ಉಂಟಾ?"

"ಪ್ರಶ್ನೆ ಉಂಟು."

"ನಿನ್ನದು ಯಾವಾಗ್ಲೂ ಅದೇ." ನಳ್ಳಿ ತಿರುಗಿಸಿ ನೀರು ನಿಲ್ಲಿಸಿದರು. "ನೋಡು, ನಿನ್ನನ್ನು ಕರೀಬಾರ್ದು ಅಂತ ನನಗಿಲ್ಲ ಮಾರಾಯ. ನಿನ್ನ ಅಮ್ಮ ಬಂದಿದ್ರು. ನೀನು ಆಸ್ಪತ್ರೆಯಿಂದ ಬಂದು ಎರಡು ತಿಂಗಳು ಆಗಿತ್ತೋ ಏನೋ. ಜಗಲಿಗೂ ಹತ್ತಲಿಲ್ಲ, ಅಂಗಳದಲ್ಲೇ ನಿಂತು ಹೇಳಿದ್ರು. 'ಅವನನ್ನು ಇನ್ನು ಬಡಿಸ್ಲಿಕ್ಕೆ ಕರೀಬೇಡಿ, ಉಳಿದವರಿಗೂ ಹೇಳಿ' ಅಂತ. ಕೈ ಮುಗಿದ್ರು ಮಾರಾಯ. ನಾನು ಎಂತ ಮಾಡುದು?"

"ಭಾರ ಎತ್ತಬಾರ್ದು ಅಂತ ಹೇಳಿದ್ರಾ?"

"ಭಾರ ಅಂತ ಹೇಳ್ಲಿಲ್ಲ. ಎಂತಕ್ಕೆ ಅಂತ ನಾನೂ ಕೇಳ್ಲಿಲ್ಲ. ಕೈ ಮುಗಿದವರ ಹತ್ರ ಎಂತ ಕೇಳುದು? ಭಾರ ಅಂತ ನಾನೇ ಗ್ರಹಿಸಿದ್ದು."

ಒಂದು ವರ್ಷ ಊರಿನ ಮೇಲೆ ಕಟ್ಟಿದ ಮೊಕದ್ದಮೆ ನಳ್ಳಿಯ ಬುಡದಲ್ಲಿ ಬಿದ್ದುಹೋಯಿತು. ಊರು ನನ್ನನ್ನು ಹೊರಗೆ ಇಟ್ಟಿರಲಿಲ್ಲ. ಹೊರಗೆ ಇಡಿ ಎಂದು ನನ್ನ ಮನೆಯಿಂದಲೇ ಹೇಳಿಹೋಗಿತ್ತು, ಊರು ಮರ್ಯಾದೆಯಿಂದ ಪಾಲಿಸಿತ್ತು. ಕುರ್ಚಿ ಇಡಿಸಿತ್ತು.

"ಮುಂದಿನ ತಿಂಗಳು ಮದುವೆ ಉಂಟು," ಎಂದರು ಸದಾಶಿವಣ್ಣ, ಹೋಗುತ್ತಾ. "ಹಿಂದಿನ ದಿನವೇ ಬಾ. ಅಮ್ಮನ ಹತ್ರ ಮಾತಾಡಿ ಬಾ."

ಮಾತಾಡಲಿಲ್ಲ. ಆವತ್ತು ಅಮ್ಮನೊಂದಿಗೆ ತೋಟದ ದಾರಿಯಲ್ಲಿ ಮನೆಗೆ ನಡೆದು ಬರುವ ಹತ್ತು ನಿಮಿಷದಲ್ಲಿ ಅವಳು ಪಾಯಸಕ್ಕೆ ಬೆಲ್ಲ ಹೆಚ್ಚಾಗಿತ್ತು ಎಂದಳು. ನಾನು ಹೌದು ಎಂದೆ. ಚೀಲದ ಅಂಚು ನೋಡಿಕೊಂಡೆಯಾ ಎಂದು ಕೇಳಿದಳು. ನೋಡಿಕೊಂಡೆ ಎಂದೆ. ಮರುದಿನವೂ ಕೇಳಲಿಲ್ಲ, ಅದರ ಮರುದಿನವೂ ಇಲ್ಲ. ಗುರುತಿಲ್ಲದ ಸಾಕ್ಷಿಯನ್ನು ಅರ್ಧ ಗಂಟೆ ನಿಲ್ಲಿಸಿ ಪ್ರಶ್ನೆ ಕೇಳುವುದನ್ನು ನನ್ನ ಸೀನಿಯರಿಂದ ಕಲಿಯುತ್ತಿದ್ದೇನೆ. ಅಡಿಗೆ ಕೋಣೆಯಲ್ಲಿ ತೆಂಗಿನಹಾಲು ಸೋಸುವ ಅಮ್ಮನ ಬೆನ್ನಿನ ಎದುರು ನಿಂತರೆ ಬಾಯಿ ಬರುವುದಿಲ್ಲ. ಬೆಳಗ್ಗೆ ಕಬಕದ ಬಸ್ಸು ಹತ್ತುವ ಧೈರ್ಯ, ಆಫೀಸಿನ ಶೌಚಾಲಯದಲ್ಲಿ ಇತರರು ಕಾಯುತ್ತಿರುವಾಗ ನಿಧಾನವಾಗಿ ಚೀಲ ಖಾಲಿ ಮಾಡುವ ಧೈರ್ಯ, ಉಪ್ಪಿನ ಬಟ್ಟಲು ಎತ್ತಿಕೊಳ್ಳುವ ಧೈರ್ಯ, ಇವನ್ನೆಲ್ಲ ಒಂದೊಂದಾಗಿ ದಿನಾ ಸಂಪಾದಿಸಿಕೊಂಡೆ. ಈ ಒಂದು ಇನ್ನೂ ಆಗಿಲ್ಲ.

ಇಂಥದೇ ಚೀಲ ಕಟ್ಟಿಕೊಂಡು ಎಲ್ಲೋ ಒಂದು ಮೇಜಿನಲ್ಲಿ ಹಿರಿಯರ ನಡುವೆ ಕೂತವರು ಇದನ್ನು ಓದುತ್ತಿದ್ದರೆ, ನಿಮಗೆ ಹೇಳಲಿಕ್ಕೆ ನನ್ನಲ್ಲಿ ಇರುವುದು ಇಷ್ಟೆ: ತೂತನ್ನು ಸರಿಯಾಗಿ ಅಳೆದು ಕತ್ತರಿಸಿ. ಕರೆಯದಿದ್ದರೂ ಒಮ್ಮೆ ಹೋಗಿ ನೋಡಿ. ಯಾರು ಹೊರಗಿಟ್ಟದ್ದು ಎಂದು ಮೊದಲೇ ತೀರ್ಮಾನ ಮಾಡಬೇಡಿ, ನಾನು ತಪ್ಪು ಮಾಡಿದೆ.

ನಾನು ಬರೆದದ್ದನ್ನೆಲ್ಲ ಅಮ್ಮ ಓದುತ್ತಾಳೆ, ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಕೂತು. ಇದನ್ನೂ ಓದುತ್ತಾಳೆ. ಹಾಗಾಗಿ ಇಲ್ಲೇ ಕೇಳುತ್ತೇನೆ.

ಅಮ್ಮ, ನನ್ನ ಚೀಲವನ್ನು ನೀನು ನಿನ್ನ ಕೈಯಿಂದ ತೊಳೆದವಳು. ಸದಾಶಿವಣ್ಣನ ಅಂಗಳದಲ್ಲಿ ನಿಂತು ಕೈ ಮುಗಿದ ದಿನ, ಯಾರಾದರೂ ನನ್ನನ್ನು ಬೇಡ ಅಂದುಬಿಟ್ಟರೆ ಎಂದು ನೀನು ಹೆದರಿದ್ದಾ, ಅಥವಾ ಬೇಡ ಅನ್ನುವುದೇ ಸರಿ ಎಂದು ನಿನಗೂ ಅನಿಸಿತ್ತಾ?